ಒಂದು ಕಾಲು ಗಿಡ್ಡ

ಹನ್ನೊಂದಕ್ಕ ಫೋನ್ ಬಡಕೊಂಡ್ರ
ನೋಡೂದ ಬ್ಯಾಡ, ಸಾಲೀದು.
ಚಿಕಾಲಿಮ್ಮಿನ ನಾಕನೇ ಮಜಲಿನ್ಯಾಗ
ಮಂದಿ ಕಿಡಕಿ ಒರಸೂ ಕೈ ಸೀರಿಗೆ ಒರಸಿ
'ಬಾಯೀ, ಅರ್ಧಾ ತಾಸು' ಅಂದು
ಇಳಿಜಾರಿನ್ಯಾಗ ಓಡತಿದ್ದೆ.
ಆ ಅರ್ಧಾ ತಾಸು ಯಾವತ್ತೂ ಎರಡು ತಾಸು.
ಬಾಯಿ ಪಗಾರ ಹಿಡದ್ಲು. ಆಕಿದೇನ ತಪ್ಪಿಲ್ಲ.

ಆಫೀಸಿನ ಹೊರಗ ಒಂದು ಬೆಂಚು,
ಅದರದೊಂದು ಕಾಲು ಗಿಡ್ಡ.
ಒಬ್ಬಾಕಿನ ಕುಂತ್ರ ಟಕ್ ಅಂತೈತಿ.
ಒಳಗಿದ್ದ ಹೆಡ್ ಮಿಸ್ಸಿಗೆ ತಿಳೀತೈತಿ,
ಯಮನೂರನ ಅವ್ವ ಬಂದ್ಲು.

ಕಂಪಾಸ ಪೆಟ್ಟಿಗಿ ಒಗದ. ಮಗ್ಗಲ ಹುಡುಗನ ಕೈ ಕಡದ.
ಪ್ರಾರ್ಥನಿಗೆ ಎಲ್ಲಾರೂ ಕಣ್ಣ ಮುಚ್ಚಿದಾಗ
ಮೇಜಿನ ಮ್ಯಾಲ ಹತ್ತಿ ನಿಂತ.
ನಿನ್ನಿ ಕಲ್ತ ಅಕ್ಷರ
ಇವತ್ತ ತೊಳಕೊಂಡ ಹೋಗಿರತಾವು.
ಮನ್ಯಾಗ ಕನ್ನಡ, ಓಣ್ಯಾಗ ಹಿಂದಿ,
ಪುಸ್ತಕದಾಗ ಇಂಗ್ಲೀಷು, ಬೈಗಳು ಕೊಂಕಣಿ.
ತಪ್ಪಾತ್ರಿ ಅನ್ನೂದನ್ನ
ನಾ ನಾಕೂ ಭಾಷಾದಾಗ ಕಲ್ತೆ.
ಅವ ಒಂದರಾಗೂ ಅನ್ನವಲ್ಲ.

ಅತ್ತಿ ಊರಿಂದ ಫೋನ್ ಮಾಡಿ
'ದೇವರ ಹೆಸರಿಟ್ಟು ಹರಕಿ ಮರತ್ರಿ' ಅಂದ್ಲು.
ಗಂಡ ಅಂದ, 'ಏಟು ತಿಂದನ ನಾ ನೆಟ್ಟಗಾದೆ.'
ನೆಟ್ಟಗಾದಂವ
ರಾತ್ರಿ ಬಂದರದ ಕಲ್ಲಿದ್ದಲ ಪುಡಿ ಕೆಮ್ಮತ
ಗ್ವಾಡಿ ಕಡೆ ಮಾರಿ ಮಾಡಿ ಮಲಗತಾನ.
ನಾನೂ ಬಡದೀನಿ. ಸುಳ್ಳ ಯಾಕ ಹೇಳ್ಲಿ,
ಲಟ್ಟಣಿಗಿಲೆ ಬಡದೀನಿ.
ಬಡಸ್ಕೊಂಡಂವ
ನನ್ನ ಸೆರಗನ ಹಿಡಕೊಂಡು ನಿದ್ದಿ ಹೋದ.

ಜೂನಿನ್ಯಾಗ ಬೆಂಚಿನ ಆ ತುದಿಗೆ ಒಬ್ಬಾಕಿ ಬಂದು ಕುಂತ್ಲು.
ಎರ್ಮೆಲಿಂಡಾ. ಮೀನ ಮಾರಾಕಿ, ಕೈಗೆ ಇನ್ನೂ ಪೊರಿ ಮೆತ್ತಿದ್ವು.
ಆಕಿ ಮಗಳು ಸಾಲ್ಯಾಗ ತುಟಿ ಬಿಚ್ಚಿ ಎರಡು ವರ್ಷಾತು,
ಮನ್ಯಾಗ ಬಾಯಿ ಮುಚ್ಚೂದಿಲ್ಲಂತ.
ಬೆಂಚು ಟಕ್ ಅನ್ನಲಿಲ್ಲ.
ಪಿಶವಿಯಿಂದ ಪೊಯ್ ತಗದು, ಮುರದು,
ಅರ್ಧಾ ನನ್ನ ಉಡಿಯಾಗ ಹಾಕಿದ್ಲು.
ಏನ ಮಾಡಿದ ನಿನ್ನ ಮಗ, ಅಂತ ಕೇಳಲಿಲ್ಲ.
ಉಂಡೀಯೇನ, ಅಂತ ಕೇಳಿದ್ಲು.
ಆಕಿ ಕೊಂಕಣಿ ನನಗ ಅರ್ಧಾನೂ ತಿಳೀತಿದ್ದಿಲ್ಲ.
ಇದು ತಿಳೀತು.

ಆಮ್ಯಾಲ ಬುಧವಾರಕ್ಕೊಮ್ಮೆ ಲೂರ್ದಿನಾ ಟೀಚರ ಬರಾಕ ಹತ್ತಿದ್ರು,
ಕನ್ನಡಕದ ದಾಂಡಿಗೆ ದಾರ ಸುತ್ತಿದವರು.
'ಅವ ಕಡಿಯೂದಕ್ಕ ಮೊದಲ ಏನಾಗತೈತಿ?' ಅಂದ್ರು.
ಮೊದಲ? ಯಾರೂ ಮೊದಲಿಂದು ಕೇಳಿದ್ದಿಲ್ಲ.
ಕಡದ ಮ್ಯಾಲಿಂದ ಎಲ್ಲಾರ ಹತ್ರಾನೂ ಬರದಿಟ್ಟಿದ್ರು,
ಕೆಂಪು ಶಾಯಿಲೆ.
ಟೀಚರ ಹಿಂದಿನ ಬೆಂಚಿನ್ಯಾಗ ತಾವ ಹೋಗಿ ಕುಂತ್ರು.
ಕಿಡಕಿ ಹೊರಗ, ಅವನ ಕಿವಿ ಮಗ್ಗಲದಾಗ,
ಸಾಲಿ ಗಂಟಿ.
ಅವನ ಜಾಗಾ ಬದಲಿ ಮಾಡಿದ್ರು.
ಕಡಿಯೂದು ಕಡಿಮಿ ಆತು. ನಿಂತಿಲ್ಲ.
ಅಕ್ಷರ ಇನ್ನೂ ಬಂದಿಲ್ಲ.
ಬಡಿಯೂ ಮೊದಲ ನನಗ ಏನಾಗತೈತಿ
ಅಂತ ಈಗೀಗ ನಾನೂ ನೋಡ್ಕೋತೀನಿ.

ಇವತ್ತ ಬುಧವಾರ. ಫೋನ್ ಬರದಿದ್ರೂ
ನಾ ಮತ್ತ ಎರ್ಮೆಲಿಂಡಾ ಬರತೀವಿ.
ಆಕಿಗೆ ಜ್ವರ, ನಾ ಒಬ್ಬಾಕಿನ.
ಬಾಗಲದಾಗ ಒಬ್ಬಂವ ನಿಂತಿದ್ದ,
ಬಾಡಿಗಿ ಬೈಕಿನ ಹಳದಿ ಹೆಲ್ಮೆಟ್ ಎದಿಗೆ ಅವಚಿಕೊಂಡು,
ಕೆಂಪು ಶಾಯಿ ಚೀಟಿ ನಾಕ ಮಡಿಚಿಕಿ ಮಾಡಿ.
'ಕುಂದರ್ರಿ ಅಣ್ಣಾ' ಅಂದೆ.
ಕುಂತ. ಬೆಂಚು ಅಲಗಾಡಲಿಲ್ಲ.
'ಉಂಡೀರೇನು?'
ತಲಿ ಅಲ್ಲಾಡಿಸಿದ. ಪೊಯ್ ಮುರಿಯೂದರಾಗ
ನನ್ನ ಫೋನ್ ಬಡಕೊಂತು,
ಗ್ವಾಡಿ ಆಚೆಯಿಂದನ.
'ಇಲ್ಲೇ ಅದೀನ್ರಿ ಮಿಸ್' ಅಂದೆ, ಎದ್ದೆ.

ಅವ ನನ್ನ ತುದಿಗೆ ಸಾವಕಾಶ
ತನ್ನ ಹೆಲ್ಮೆಟ್ ಇಟ್ಟ.