ನಿದ್ದೆ ಆಯಿತೆ, ನೆಲ್ದಾ?

ವಾಲ್ಪರೈಸೋದ ಗುಡ್ಡಕ್ಕೆ
ಮರದ ಡಬ್ಬಿಯೊಂದನ್ನು ಹಗ್ಗ ಕಟ್ಟಿ ಎಳೆಯುತ್ತಾರೆ.
ಅದರ ಬಾಗಿಲಲ್ಲಿ ಕಾಸು ಎಣಿಸುವವನು ನಾನು,
ಇಪ್ಪತ್ತೆರಡು ವರ್ಷದಿಂದ.
ಹತ್ತುವವರ ಮುಖ ಒಂದು ಗಳಿಗೆ, ಇಳಿದವರದು ಒಂದು ಗಳಿಗೆ,
ನಡುವೆ ಸಮುದ್ರ. ಅದಕ್ಕೆ ಟಿಕೇಟಿಲ್ಲ.

ಮಧ್ಯಾಹ್ನ ಎರಡಕ್ಕೆ ಬರುತ್ತಾಳೆ ನೆಲ್ದಾ ಒಯಾರ್ಸುನ್,
ಕೆಳಗಿನ ಬೇಕರಿಯಿಂದ, ಮುಂಗೈ ರೋಮದಲ್ಲಿ ಹಿಟ್ಟು,
ಕಂಕುಳಲ್ಲಿ ನನಗೆಂದು ಕಾಗದ ಸುತ್ತಿದ ಬ್ರೆಡ್ಡು.
ರಾತ್ರಿ ಮೂರಕ್ಕೆ ಎದ್ದು ಮೆಟ್ಟಿಲಿಳಿದು ಹೋದವಳು,
ಆಗಿನ್ನೂ ಈ ಡಬ್ಬಿಯೂ ಮಲಗಿರುತ್ತದೆ.
ನಾನು ಕೇಳುತ್ತಿದ್ದೆ: ನಿದ್ದೆ ಆಯಿತೆ, ನೆಲ್ದಾ?
ಬೇರೇನು ಕೇಳಲಿ?
ಸುಮ್ಮನಿದ್ದರೆ ಸೊಕ್ಕು ಅಂತಾರೆ.

ರೆಪ್ಪೆ ಜೋತುಬಿದ್ದಿದ್ದು ನಿಜ,
ಹಿಂಡದೆ ತಂತಿಗೆ ಹಾಕಿದ ಬಟ್ಟೆಯ ಹಾಗೆ.
ಶಟರು ಅರ್ಧ ಎಳೆದುಕೊಂಡು
ಒಳಗೆ ಯಾರೋ ಲೆಕ್ಕ ನೋಡುತ್ತ ಕೂತ ಹಾಗೆ
ಕಣ್ಣು.

ಆಗಸ್ಟಿನಲ್ಲಿ ಹದಿನೈದು ದಿನ ಕಾಣಲಿಲ್ಲ.
ಬಂದಾಗ ಕಪ್ಪು ಕನ್ನಡಕ, ಅಂಥ ಮಂಜಿನಲ್ಲಿ.
ತೆಗೆದು ತೋರಿಸಿದಳು:
ಹಳದಿ, ನೇರಳೆ, ಕೆಳಗೆ ಬಿದ್ದ ಪ್ಲಮ್ ಹಣ್ಣಿನ ಬಣ್ಣ,
ಇರುವೆ ಸಾಲಿನಂಥ ಹೊಲಿಗೆ ಗುರುತು.
ಹೆಂಗಸರ ಚೀಟಿಯ ಮೂರು ವರ್ಷದ ದುಡ್ಡು.

ಡಾಕ್ಟರ್ ಇಬಕಾಚೆ ಮೊದಲು ಕೂರಿಸಿ, ನೇರ ನೋಡಮ್ಮಾ ಅಂದು
ಪೆನ್ನಿನಲ್ಲಿ ಗೆರೆ ಎಳೆದನಂತೆ.
ಮಲಗಿದರೆ ಎಲ್ಲರೂ ಚೆಲುವೆಯರೇ,
ಚರ್ಮ ಹಿಂದಕ್ಕೆ ಜಾರಿ ಅಳತೆ ತಪ್ಪುತ್ತದೆ.
ಎಚ್ಚರವಿದ್ದಳು. ಸೂಜಿ ಗೊತ್ತಾಯಿತು,
ಆಮೇಲೆ ಬರೀ ಕತ್ತರಿಯ ಸದ್ದು, ಸುಟ್ಟ ವಾಸನೆ.
'ಸೀಯ್ತಾ ಇದೆ, ತೆಗೀರಿ' ಅಂದಳಂತೆ, ಒಲೆಯ ಮುಂದೆ ಅನ್ನುವ ಹಾಗೆ.
ನರ್ಸು ತಡೆಯಲಾರದೆ ನಕ್ಕಳಂತೆ.
ಕೊನೆಗೆ ತೋರಿಸಿ ಎಂದು ಹಟ ಹಿಡಿದಳು.
ಬಿಳಿ ಬಟ್ಟೆಯ ಮೇಲೆ ಎರಡು ಚೂರು,
ಈರುಳ್ಳಿ ಪೊರೆಗಿಂತ ತುಸು ದಪ್ಪ.
'ಇಷ್ಟೇನಾ? ಮೂವತ್ತೊಂದು ವರ್ಷದ ಮೂರು ಗಂಟೆಗಳೆಲ್ಲ
ಇಷ್ಟೇನಾ ತೂಗೋದು?'

ನಮ್ಮ ಊರಿನ ಬ್ರೆಡ್ಡಿಗೆ ನಡುವೆ ಒಂದು ಮಡಿಕೆ.
ಅಂಗೈ ಅಂಚಿನಿಂದ ಒತ್ತುತ್ತಾಳೆ, ದಿನಕ್ಕೆ ಸಾವಿರ ಸಲ.
ಆಳ ಸಾಲದಿದ್ದರೆ ಬೇಯುವಾಗ ಮುಚ್ಚಿಕೊಳ್ಳುತ್ತದೆ,
ಹೆಚ್ಚಾದರೆ ಮುರಿದುಬೀಳುತ್ತದೆ.
'ಪರವಾಗಿಲ್ಲ, ಅವನಿಗೆ ಕೈ ಇದೆ' ಅಂದಳು,
ಕಸುಬು ಬಲ್ಲವರು ಕಸುಬು ಬಲ್ಲವರಿಗೆ ಅನ್ನುವಂತೆ.

ಯಾಕೆ ಮಾಡಿಸಿಕೊಂಡೆ ಅಂತ ನಾನು ಕೇಳಲಿಲ್ಲ.
ಚಿಲ್ಲರೆ ಎಣಿಸಿಕೊಳ್ಳುತ್ತ ಅವಳೇ ಹೇಳಿದಳು:
'ಗೊರಕೆ ಹೊಡೆದು ಎದ್ದ ದಿನವೂ ನೀನು ಕೇಳುತ್ತಿದ್ದೆ.
ಮಗಳ ಮದುವೆಯ ದಿನ ಕೇಳಿದೆ.
ಕುಣಿದು ಬಂದ ಮಾರನೇ ದಿನ,
ಕಾಲಲ್ಲಿನ್ನೂ ತಾಳ ಇತ್ತು, ಆಗಲೂ ಕೇಳಿದೆ.
ಒಂದು ಮುಖ ಎಷ್ಟು ಸಲ ಅಂತ ಸಾಕ್ಷಿ ಹೇಳಬೇಕು?'

ಅವಳ ಡಬ್ಬಿ ಮೇಲಕ್ಕೆ ಹೊರಟಿತು.
ಹಗ್ಗದ ಇನ್ನೊಂದು ತುದಿಯದು ಕೆಳಗೆ ಬಂತು, ಖಾಲಿ.

ಈಗ ಬಾವು ಇಳಿದಿದೆ. ಕಣ್ಣು ಕಾಣುತ್ತದೆ,
ಜೇನಿನ ಬಣ್ಣದ್ದು. ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ.
ಆ ರೆಪ್ಪೆ ಅಮ್ಮನದು ಅಂತ ಯಾವಾಗಲೋ ಅಂದಿದ್ದಳು.
ಆಸ್ಪತ್ರೆಯಲ್ಲಿ ಕೊನೆಗೆ ಮುಚ್ಚಿದ್ದು ತಾನೇ, ಹೆಬ್ಬೆರಳಿಂದ;
ಅಷ್ಟೊಂದು ಚರ್ಮ ಇದ್ದೂ ಪೂರ್ತಿ ಮುಚ್ಚಲಿಲ್ಲ ಅಂತ.
ಇದನ್ನು ಯಾಕೆ ಇಲ್ಲಿ ಸೇರಿಸಿದೆನೋ.
ನೆನಪಾಯಿತು.

ಕೇಳುವುದು ಬಿಟ್ಟಿದ್ದೇನೆ.
ಕಾಸು, ಬ್ರೆಡ್ಡು, ತಲೆ ಆಡಿಸುವುದು, ಅಷ್ಟೆ.
ನಿನ್ನೆ ಒಲೆ ಕೆಟ್ಟು, ಕೆಲಸದ ಹುಡುಗ ಕೈಕೊಟ್ಟು,
ಹದಿನಾಲ್ಕು ಗಂಟೆ ನಿಂತು ಬಂದಳು, ಕತ್ತಲಾದ ಮೇಲೆ.
ಕಟಕಟೆಗೆ ಒರಗಿ, 'ಸುಸ್ತಾಗಿದೆ ಕಣೋ ರೊಹೆಲಿಯೊ' ಅಂದಳು.
ದೀಪ ಎತ್ತಿ ನೋಡಿದೆ.
ಬೆಳಗಿನ ಹಾಲಿನಂಥ ಮುಖ.

'ಕಾಣೋದೇ ಇಲ್ಲ' ಅಂದೆ.
'ಅದಕ್ಕೇ ದುಡ್ಡು ಕೊಟ್ಟಿದ್ದು' ಅಂದಳು,
ಬೆಂಚಿನಲ್ಲಿ ಕೂತು ಎವೆ ಮುಚ್ಚಿದಳು.
ಕಿಟಕಿ ನನ್ನ ಕಣ್ಣಿಗೆ ಸಿಗುವವರೆಗೂ
ತೆರೆಯಲಿಲ್ಲ.