ಆಗಸ್ಟ್ ಇಪ್ಪತ್ತೇಳು, ವಾಯವ್ಯದ ಗಾಳಿ

ಹವಾಮಾನ ಠಾಣೆಯಲ್ಲಿ ಮೂವತ್ತೊಂದು ವರ್ಷ
ಪಾದರಸ ಓದಿದ ಕಣ್ಣು ಮೈಮುವಿನದು.
ನಿವೃತ್ತಿಯಾದ ಮೇಲೂ ಬರೆಯದೆ ಇರಲಾಗದು:
ಬೆಳಿಗ್ಗೆ ಆರು. ಹನ್ನೊಂದು ಡಿಗ್ರಿ. ಮೋಡ ಎಂಟರಲ್ಲಿ ಮೂರು.
ಆಮೇಲೆ ಗಿಡಗಳು, ಹಾಜರಿ ಕರೆದಂತೆ.

ಸಾರೆಮಾ ದ್ವೀಪದ ಈ ಹಿತ್ತಿಲಲ್ಲಿ
ಗೇಣು ಮಣ್ಣು, ಕೆಳಗೆ ಸುಣ್ಣಕಲ್ಲು.
ಗುದ್ದಲಿ ಹಾಕಿದರೆ ಕಿಡಿ,
ಹಾಕದಿದ್ದರೆ ಜೂನಿಪರ್ ಪೊದೆ.
ಇಂಥಲ್ಲಿ ಆಲೂಗಡ್ಡೆ ಬೆಳೆದುಕೊಂಡು ತೆಪ್ಪಗಿರಬೇಕು
ಎನ್ನುತ್ತಾನೆ ಪಕ್ಕದ ಮನೆಯ ಕಾಲ್ಯು,
ದೋಣಿಯ ಎಂಜಿನ್ ಬಿಚ್ಚಿಟ್ಟುಕೊಂಡು ಕೂತವನು.
ವಸಂತದಲ್ಲಿ ಕೊಳೆತ ಕಡಲಪಾಚಿಯನ್ನು
ಬೇಲಿಯಾಚೆಯಿಂದ ಸುರಿದುಕೊಟ್ಟವನೂ ಅವನೇ.

ಹುಲಿಹೂವು ಹೋದ ಮಂಗಳವಾರ ಅರಳಿತು.
ಮೆಕ್ಸಿಕೋದ ಗೆಡ್ಡೆ, ಒಂದೇ ಹಗಲಿನ ಆಯುಸ್ಸು.
ನಾಲ್ಕು ತಿಂಗಳು ಕಾಯಿಸಿ
ಅವಳು ಕಣ್ಣಿನ ಡಾಕ್ಟರನ್ನು ಕಾಣಲು ಕುರೆಸ್ಸಾರೆಗೆ ಹೋದ ದಿನವೇ
ಅರಳಬೇಕೇ?
ಮೂರರ ಬಸ್ಸಿಳಿದು ಬರುವಷ್ಟರಲ್ಲಿ
ಒದ್ದೆ ಕರ್ಚೀಫಿನ ಹಾಗೆ ಮುದುಡಿತ್ತು.
ಬರೆದಳು: ಅರಳಿದೆ. ಸಾಕ್ಷಿ, ಕಾಲ್ಯು.
ಬಣ್ಣ ಯಾವುದಿತ್ತು ಎಂದರೆ
ತಲೆ ಕೆರೆದುಕೊಂಡು
"ಹೊಸ ಆಯಿಲ್ ಫಿಲ್ಟರಿನದು" ಎಂದ.
ಅದನ್ನೂ ಬರೆದಳು.

ಉಗುಳುವ ಸೌತೆಯ ಮೇಲೆ ದೂರು ಬಂದಿದೆ.
ಕಾಯಿ ಬಲಿತು ತೊಟ್ಟು ಕಳಚಿದರೆ
ಬೀಜ, ಲೋಳೆ, ಎಲ್ಲ ಪಿಚಕಾರಿ.
ಅಂಚೆಯ ತೀಯು ಗೇಟಿನ ಅಗುಳಿಗೆ ಬಗ್ಗಿದ್ದಳಂತೆ,
ಕನ್ನಡಕಕ್ಕೇ ಹೊಡೆಯಿತು.
ಮೈಮು ಮೊದಲು ದೂರ ಅಳೆದಳು,
ಆಮೇಲೆ ಕನ್ನಡಕ ಒರೆಸಿಕೊಟ್ಟಳು.

ಸೌನಾದ ಗೋಡೆಗೆ ಬೆನ್ನು ಕೊಟ್ಟು ಹರಳು ಗಿಡ:
ಕೆಂಪು ಕಾಂಡ, ಬಿಚ್ಚಿದ ಅಂಗೈಯಂಥ ಎಲೆ.
ತಿಪ್ಪೆಯ ಮಗ್ಗುಲಲ್ಲಿ ನಾವು ಕಂಡೂ ಕಾಣದೆ ದಾಟುವ ಜಾತಿ.
ಇಲ್ಲಿ ಅದಕ್ಕೆ ಮಾರ್ಚಿನಿಂದ ಕಿಟಕಿಯ ಬಿಸಿಲು,
ಗಾಳಿಗೆ ಊರುಗೋಲು,
ನೋಡಲು ಭಾನುವಾರ ಚರ್ಚಿನಿಂದ ಬಂದ ಮೂವರು ಹೆಂಗಸರು.
"ತಾಳೆಯೇ?" ಎಂದಳೊಬ್ಬಳು.
ಹರಳು ಏನೂ ಹೇಳಲಿಲ್ಲ. ಗತ್ತಿನಲ್ಲಿತ್ತು.

ಇನ್ನು ಸೇಬಿನ ಮರದ ಕೆಳಗಿನದು.
ಚಳಿಗಾಲದಲ್ಲಿ ಹಕ್ಕಿಗಳಿಗೆ ಕಾಳಿನ ಡಬ್ಬಿ ತೂಗುವ ಕೊಂಬೆ;
ಅದರ ನೇರಕ್ಕೆ, ಜೂನ್ ತಿಂಗಳು, ತಾನಾಗಿ ಎದ್ದದ್ದು.
ಕಳೆ ಎಂದ ಕಾಲ್ಯು. ಇರಲಿ ಎಂದಳು.
ಪುಸ್ತಕದಲ್ಲಿಲ್ಲ.
ತಾರ್ತುವಿನಿಂದ ಬಂದ ಸೊಸೆಯ ಫೋನು
ಮೂರು ಸಲಕ್ಕೆ ಮೂರು ಹೆಸರು ಹೇಳಿತು.
ಎದೆಮಟ್ಟ ಬೆಳೆಯಿತು, ಗರಗಸದಂಚಿನ ಎಲೆ, ಕಾಂಡಕ್ಕೆ ನವಿರು ರೋಮ.
ಜುಲೈ ಹೋಯಿತು. ಬೆಳಕಿನ ರಾತ್ರಿಗಳು ಹೋದವು.
ತಂತಿಯ ಮೇಲೆ ಸಾಲುಗಟ್ಟಿದ್ದ ಬಾನಾಡಿಗಳು
ಒಂದು ಬೆಳಿಗ್ಗೆ ಇಲ್ಲ, ತಂತಿ ಮಾತ್ರ.
ಗಿಡ ಮೊಗ್ಗು ಬಿಗಿಹಿಡಿದು ನಿಂತೇ ಇತ್ತು
ಇರುಳು ಇನ್ನಷ್ಟು ಉದ್ದವಾಗಲಿ ಎಂಬಂತೆ.

ಇವತ್ತು ಅರಳಿದೆ.
ಎಂಟು ದಳ. ಹಳದಿ. ನಡುವೆಯೂ ಹಳದಿ.
ಹಳೆಯ ಕ್ರೂನ್ ನಾಣ್ಯಕ್ಕಿಂತ ತುಸು ಅಗಲ.
ರೆಕ್ಕೆ ಹರಿದ ಮುದಿ ದುಂಬಿಯೊಂದು
ನೆಂಟರ ಮನೆ ಹೊಕ್ಕಂತೆ ಹೊಕ್ಕಿತು, ಬಾಗಿಲು ತಟ್ಟದೆ.

ಬೀಜ ಕಟ್ಟುವುದಿಲ್ಲ, ಮೈಮುವಿಗೆ ಗೊತ್ತು.
ಇನ್ನು ಕೆಲವೇ ವಾರ, ಇಬ್ಬನಿ ಬಿಳಿಯಾಗುತ್ತದೆ;
ಮೂವತ್ತೊಂದು ವರ್ಷದ ಅಂಕಿಗಳು ಸುಳ್ಳಾಡುವುದಿಲ್ಲ.
ಹೆಸರಿನ ಜಾಗದಲ್ಲಿ ಪೆನ್ಸಿಲ್ಲಿನ ಗೆರೆ ಎಳೆದು
ಖಾಲಿ ಬಿಟ್ಟಳು.

ಓದುವವರೇ, ನಿಮಗಿಷ್ಟರಲ್ಲಿ ಹೊಳೆದಿರಬೇಕು.
ಕಾರ್ತಿಕದ ಹೊಲದಂಚಿನ ಹಳದಿ,
ಹುರಿದು ಕುಟ್ಟಿದ ಕಪ್ಪು ಪುಡಿ, ಬಿಸಿ ರೊಟ್ಟಿ,
ಹುಚ್ಚು ಎಂದೇ ಶುರುವಾಗುವ ಆ ಹೆಸರು.
ಹೇಳಿಬಿಡಬಹುದು. ಇವತ್ತು ಬೇಡ.
ಸ್ಟೂಲು ಹಾಕಿಕೊಂಡು ಅದರೆದುರು ಕೂತಿದ್ದಾಳೆ,
ಕತ್ತಲಾಗುತ್ತಿದೆ,
ಪಾದರಸ ಒಂಬತ್ತಕ್ಕೆ ಇಳಿದಿದೆ,
ಇನ್ನೂ ಬರೆದಿಲ್ಲ.