ವಾಪಸಿ ಪೈಪು

ಧೂಳಪ್ಪನ ಲಾರಿ ಸಸ್ತಾಪುರ ಬಂಗ್ಲಾದಲ್ಲಿ ಹೊರಳಿದಾಗ
ಹಿಂದಿನ ಗಾಡಿಗಳು ದೀಪ ಹಚ್ಚಿಕೊಂಡಿದ್ದವು, ಹಾಡುಹಗಲೇ.
ಹುಮನಾಬಾದಿನಲ್ಲಿ ಒಬ್ಬ ಟರ್ಬೋ ಹೋಗಿದೆ ಅಂದಿದ್ದ,
ಜಹೀರಾಬಾದಿನಲ್ಲಿ ಇನ್ನೊಬ್ಬ ಇಂಜಿನ್ನೇ ಇಳಿಸಬೇಕು ಅಂದಿದ್ದ.
ಸೀಟಿನ ಹಿಂದೆ ಹೊಸ ಟರ್ಬೋ, ಡಬ್ಬಿ ಒಡೆದಿಲ್ಲ,
ಭಿಶಿ ಎತ್ತಿ ತಂದದ್ದು.

ಖದೀರ್ ಉಸ್ತಾದ್ ಪಾನಾ ಮುಟ್ಟಲಿಲ್ಲ.
ಸೈಲೆನ್ಸರಿನ ಮುಂದೆ ಕುಕ್ಕರಗಾಲಲ್ಲಿ ಕೂತು
ಬಿಳಿ ಅರಿವೆ ಹಿಡಿದರು, ಮೂಸಿದರು,
ಹಂಚಿನ ಎಣ್ಣೆ ಸೀದಿತೇನೋ ಎಂದು ಅವ್ವ ಮೂಸುವ ಹಾಗೆ.

"ಕರೀ ಹೊಗಿ ಅಂದ್ರ ಗಾಳಿ ಸಾಲವಲ್ದು.
ಬಿಳೀದು ನಿಲ್ಲದೇ ಬಂದ್ರ ನೀರು ಒಳಗ ಹೊಕ್ಕಿರ್ತದ, ಇಲ್ಲಾ ಡೀಸೆಲ್ ಹಸೀ ಉಳದಿರ್ತದ.
ಇದು ನೀಲಿ, ಝರೆಪ್ಪಾ. ಎಣ್ಣಿ ಕುಡಿಲತದ.
ಯಾವ ಬಾಯಿಂದ, ಅದು ನೋಡು."

ಎಣ್ಣೆ ಮುಚ್ಚಳ ತೆಗೆದು ಅಂಗೈ ಇಟ್ಟೆ:
ಉಸಿರು ಮೆಲ್ಲಗಿತ್ತು. ರಿಂಗುಗಳ ತಪ್ಪಲ್ಲ.
ಇಂಟರ್‌ಕೂಲರಿನ ಹೋಸು ಬಿಚ್ಚಿದೆ,
ಎಣ್ಣೆ ಮೊಣಕೈತನಕ ಇಳಿಯಿತು.
ಸಿಕ್ಕಿತು ಅಂದೆ, ಟರ್ಬೋನೇ.
ಚಕ್ರ ಹಿಡಿದು ಅಲುಗಿಸಿದೆ.
ಅಲುಗಲಿಲ್ಲ.
ಬೆರಳು ತಾಗಿಸಿದ್ದಕ್ಕೇ ಸದ್ದಿಲ್ಲದೆ ತಿರುಗಿತು,
ನಿನ್ನೆ ತಂದದ್ದರ ಹಾಗೆ.

"ಎಣ್ಣಿ ಹೋಗೋ ದಾರಿ ನೋಡ್ದಿ.
ಹೊಳ್ಳಿ ಬರೋ ದಾರಿ?"

ಕೆಳಗೆ ತೂರಿದೆ. ಎರಡು ಬೋಲ್ಟು.
ವಾಪಸಿ ಪೈಪಿನ ಗಂಟಲಲ್ಲಿ
ಗಟ್ಟಿಯಾದ ಗೋಂದಿನ ನಾಲಿಗೆ, ಹುಣಸೆಬೀಜ ನಾಕು ಜೋಡಿಸಿದಷ್ಟು,
ಕೇಸರಿ ಬಣ್ಣ.
ಇಡೀ ಬಂಗ್ಲಾದಲ್ಲಿ ಆ ಬಣ್ಣದ ಟ್ಯೂಬು
ನಮ್ಮ ಶೆಡ್ಡಿನಲ್ಲಿ ಮಾತ್ರ.

ದೀಪಾವಳಿಯ ಹಿಂದಿನ ರಾತ್ರಿ, ಅಂಗಡಿಗಳು ಮುಚ್ಚಿದ್ದವು,
ಪ್ಯಾಕಿಂಗ್ ಸಿಗಲಿಲ್ಲ. ಹಿಂಡಿದವನು ನಾನು.
ಜಾಸ್ತಿ ಇದ್ದರೆ ಗಟ್ಟಿ ಅಂದುಕೊಂಡಿದ್ದೆ.

ಉಸ್ತಾದ್ ಅದನ್ನು ಇಣುಕಿ ತೆಗೆದು
ನನ್ನ ಅಂಗೈಯಲ್ಲಿ ಇಟ್ಟರು. ಬೈಯಲಿಲ್ಲ.
ಬೈದಿದ್ದರೆ ಚಲೋ ಇತ್ತು.
"ಯಾರ್ ಮಾಡ್ಯಾರ್ರೀ ಈ ಕೆಲ್ಸಾ?" ಧೂಳಪ್ಪ ಕೇಳಿದ.
ಕೈ ಒರೆಸುತ್ತ ಉಸ್ತಾದ್ ಅಂದರು:
"ನಾವೇ."
ಹೊಸ ಟರ್ಬೋ ವಾಪಸ್ ಕೊಡು ಅಂದರು, ಮಜೂರಿ ಬೇಡ ಅಂದರು,
ಚಹಾ ತರಿಸಿದರು. ನನಗೂ.

ಚಾಲೂ ಮಾಡಿದರೆ ಮತ್ತೆ ಹೊಗೆ!
ನನ್ನ ಜೀವ ಪುಕಪುಕ.
"ಹಳೀದು ಅದ ಒಳಗ. ಸುಟ್ಟು ಹೋಗ್ಲಿ, ಟೈಮ್ ಹಿಡೀತದ."

ರೋಡಿಗೆ ಬಂದು ನಿಂತೆ.
ರಾಜೇಶ್ವರದ ಕಡೆ ಲಾರಿ ಸಣ್ಣದಾಗುವವರೆಗೂ
ಅದರ ಬೆನ್ನಿಗೆ ನೀಲಿ ಇತ್ತು,
ಆಮೇಲೆ ಇತ್ತೋ ಇಲ್ಲವೋ
ನನಗೆ ಕಾಣಲಿಲ್ಲ.
ಮುಷ್ಟಿ ಇನ್ನೂ ಬಿಚ್ಚಿರಲಿಲ್ಲ.